ಒಂದು ಕಡೆ ಅಕ್ಯುಪಂಕ್ಚರ್ ಸಿಗುತ್ತದೆ, ಇನ್ನೊಂದು ಕಡೆ ಇಲ್ಲ. ಯಾಕೆ?

ಪ್ರಶ್ನೆ: ಬೆನ್ನುನೋವಿಗೆ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅಕ್ಯುಪಂಕ್ಚರ್ (ಸಣ್ಣ ಸೂಜಿ ಚುಚ್ಚಿ ಕೊಡುವ ಚಿಕಿತ್ಸೆ) ಮಾಡುತ್ತಾರೆ, ಪಕ್ಕದ ಜಿಲ್ಲೆಯಲ್ಲಿ ಕೇಳಿದರೆ "ಅದೆಲ್ಲ ಇಲ್ಲಿಲ್ಲ" ಎನ್ನುತ್ತಾರೆ. ನಿಯಮ ಎಲ್ಲ ಕಡೆ ಒಂದೇ ಅಲ್ವಾ?

ಉತ್ತರ 1: ನಿಯಮ ಇದ್ದರೆ ಸಾಲದು. ಬ್ರೆಜಿಲ್ ನೋಡಿ. 2006ರಲ್ಲಿ ಅಕ್ಯುಪಂಕ್ಚರ್, ಹೋಮಿಯೋಪತಿಯಂಥ ಪೂರಕ ಚಿಕಿತ್ಸೆಗಳಿಗೆಂದೇ ರಾಷ್ಟ್ರೀಯ ನೀತಿ ಬಂತು, 2018ರ ಹೊತ್ತಿಗೆ ಪಟ್ಟಿ 29 ಪದ್ಧತಿಗಳಿಗೆ ಬೆಳೆಯಿತು. ಆದರೆ ನಡೆಸಬೇಕಾದ್ದು ಸ್ಥಳೀಯ ಆಡಳಿತ. ಕಲಿತವರೊಬ್ಬರು ಇದ್ದ ಕಡೆ ನಡೆಯುತ್ತದೆ, ಅವರಿಗೆ ವರ್ಗವಾದರೆ ಸೂಜಿ ಡಬ್ಬಿ ಬೀರುವಿನಲ್ಲೇ ಕೂರುತ್ತದೆ.

ಉತ್ತರ 2: ಎಲ್ಲವೂ ಸಿಗಲೇಬೇಕಾ? 2017ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಹೋಮಿಯೋಪತಿ ಬರೆಯಬೇಡಿ ಎಂದು ವೈದ್ಯರಿಗೆ ಹೇಳಿತು. ಸುಮ್ನೆ ಪಟ್ಟಿ ಉದ್ದ ಮಾಡುವುದಕ್ಕಿಂತ ಪುರಾವೆ ಇರುವುದನ್ನು ಕೊಡಲಿ.

ಕೇಳಿದವರು: ಸರಿ, ಆದರೆ ನೋವು ಜಾಸ್ತಿ ಇರುವಾಗ ಬಸ್ಸಲ್ಲಿ ಎರಡು ಗಂಟೆ ಕೂರಬೇಕಲ್ಲ ಮಾರಾಯ್ರೇ!