ಅಪ್‌ಡೇಟ್: ಲೈಮ್ ಅನುಮಾನ, ಆರು ತಿಂಗಳಾದರೂ ಬಿಡದ ಸುಸ್ತು
ಅಮೆರಿಕದ ಕನೆಕ್ಟಿಕಟ್‌ನಲ್ಲಿ ಉಣುಗು ಕಚ್ಚಿ, ಲೈಮ್ (ಉಣುಗಿನಿಂದ ಹರಡುವ ಬ್ಯಾಕ್ಟೀರಿಯಾ ಕಾಯಿಲೆ) ಅನುಮಾನಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮುಗಿಸಿದ ಮೇಲೂ ಸುಸ್ತು, ಮೈಕೈ ನೋವು, ತಲೆ ಮಂಕು ಉಳಿದರೆ ಇನ್ನೊಂದು ಕೋರ್ಸ್ ಬೇಕೇ ಎಂದು ಕೇಳಿದ್ದೆ. ಇಷ್ಟೇ ಲಕ್ಷಣಗಳಿದ್ದರೆ ಬೇಡ. ನೆದರ್ಲೆಂಡ್ಸ್‌ನ 2016ರ ಪ್ರಯೋಗದಲ್ಲಿ 12 ವಾರ ಹೆಚ್ಚುವರಿ ಆಂಟಿಬಯಾಟಿಕ್ ಕೊಟ್ಟರೂ ಪ್ಲಾಸಿಬೊಗಿಂತ (ಔಷಧವಿಲ್ಲದ ಹುಸಿ ಮಾತ್ರೆ) ಹೆಚ್ಚಿನ ಗುಣ ಕಾಣಲಿಲ್ಲ.

ಎಡವಟ್ಟಾಗುವುದು ಲೈಮ್ ರಕ್ತಪರೀಕ್ಷೆಯ ರಿಪೋರ್ಟ್ ಓದುವಾಗ. ಲಕ್ಷಣ ಶುರುವಾಗಿ 30 ದಿನ ದಾಟಿದ್ದರೆ ಐಜಿಎಂ (ಸೋಂಕಿನ ಶುರುವಿನಲ್ಲಿ ಬರುವ ಪ್ರತಿಕಾಯ) ಒಂದೇ ಪಾಸಿಟಿವ್ ಬಂದದ್ದು ಲೆಕ್ಕಕ್ಕಿಲ್ಲ; ವೆಸ್ಟರ್ನ್ ಬ್ಲಾಟ್ ಎಂಬ ಖಚಿತಪಡಿಸುವ ಟೆಸ್ಟ್‌ನಲ್ಲಿ ಐಜಿಜಿಯ (ತಡವಾಗಿ ಬರುವ ಪ್ರತಿಕಾಯ) 10 ಗೆರೆಗಳಲ್ಲಿ ಕನಿಷ್ಠ 5 ಮೂಡಿರಬೇಕು. ಐಜಿಜಿ ವಾಸಿಯಾದ ಮೇಲೂ ವರ್ಷಗಟ್ಟಲೆ ಉಳಿಯಬಹುದು, ಹಾಗಾಗಿ ಗುಣವಾಯಿತೇ ಎಂದು ಮತ್ತೆ ಮತ್ತೆ ಟೆಸ್ಟ್ ಮಾಡಿಸುವುದು ದುಡ್ಡು ದಂಡ.

ಸುಸ್ತಿಗೆ ಬೇರೆ ಕಾರಣ ಇದೆಯೇ ಎಂದು ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿ (ಸಸ್ಯಾಹಾರಿಗಳಂತೂ ಬಿ12 ಬಿಡಬೇಡಿ). ಮಂಡಿ ಊದಿದರೆ, ಮುಖದ ಒಂದು ಪಕ್ಕ ಜೋತುಬಿದ್ದರೆ, ಎದೆಬಡಿತ ತಪ್ಪಿದರೆ ಕಾಯದೆ ಡಾಕ್ಟರನ್ನು ಕಾಣಿ.