ಬದುವಿನ ಹುಲ್ಲಿನ ತೆನೆ ಫಿಂಚ್‌ಗೆ ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟರ್ರೇ. ಧಾರವಾಡದಲ್ಲಿ ಕೆಲಗೇರಿ ಕಡೆ ನಮ್ಮ ಮನೆ. ಪಂಜರದಲ್ಲಿ ಎರಡು ಜೋಡಿ ಜೀಬ್ರಾ ಫಿಂಚ್ ಹಕ್ಕಿ ಇವೆ, ಒಂದು ಜೋಡಿ ಮರಿ ಮಾಡಿದೆ. ಒಣ ನವಣೆ ಬಿಟ್ಟು ಬೇರೇನೂ ಮುಟ್ಟಲ್ಲ. ಮಳೆಗೆ ಸುತ್ತಲೂ ಹುಲ್ಲು ತೆನೆ ಬಿಟ್ಟಿದೆ. ಯಾವುದನ್ನು ಹಾಕಬಹುದು? ಗರಿಕೆ ಬಿಟ್ಟರೆ ನನಗೆ ಹುಲ್ಲೆಲ್ಲ ಒಂದೇ.

ಉತ್ತರ (ಪಶುವೈದ್ಯರು): ಗರಿಕೆ ಗೊತ್ತಿದ್ದರೆ ಅರ್ಧ ಕೆಲಸ ಆಯ್ತು. ಅದರ ಕಡ್ಡಿ ತುದಿಯಲ್ಲಿ ನಾಲ್ಕೈದು ತೆಳ್ಳನೆ ಬೆರಳು ಬಿಚ್ಚಿದ ಹಾಗಿರುತ್ತೆ, ಅಲ್ವಾ? ಅದೇ ಬೆರಳು ದಪ್ಪಗಿದ್ದು, ಬುಡ ಚಪ್ಪಟೆಯಾಗಿ ಬೆಳ್ಳಗಿದ್ದರೆ ಅದು ಕಾಡು ರಾಗಿ. ಎರಡನ್ನೂ ಹಾಕಿ. ನರಿಬಾಲದ ಹಾಗೆ ಕಾಣುವ ಕಾಡು ನವಣೆ, ಗಿನಿ ಹುಲ್ಲು ಕೂಡ ನಡೆಯುತ್ತವೆ. ಬಟ್ಟೆಗೆ ಚುಚ್ಚುವ, ಅಂಟುವ ತೆನೆ ಬೇಡ.

ಒಂದು ಕಾಳು ಉಗುರಲ್ಲಿ ಒತ್ತಿ ನೋಡಿ. ಬಿಳಿ ಹಾಲು ಬಂದರೆ ಅದೇ ಸರಿಯಾದ ಹದ. ನಮಗೆ ಎಳೆ ಜೋಳದ ಸೀತನಿ ಹೇಗೋ ಅವುಗಳಿಗೆ ಇದು ಹಾಗೆ. ಮರಿಗಳಿಗೆ ಗುಟುಕು ಕೊಡುವಾಗ ತುಂಬಾ ಇಷ್ಟಪಡುತ್ತವೆ. ಕಾಳಿನ ಜಾಗದಲ್ಲಿ ಕಪ್ಪು ಕೊಂಬಿನಂಥದ್ದು ಎದ್ದಿದ್ದರೆ, ಅಥವಾ ತೆನೆ ಅಂಟಂಟಾಗಿದ್ದರೆ ಬಿಸಾಕಿ. ಅದು ಎರ್ಗಾಟ್ ಎಂಬ ಶಿಲೀಂಧ್ರ, ವಿಷ. ಸಜ್ಜೆ ಬೆಳೆಯುವವರಿಗೆ ಗೊತ್ತಿರುತ್ತೆ.

ಜೋಳದ ಹಾಗೆ ಎತ್ತರ ಬೆಳೆಯುವ ಕಾಡು ಹುಲ್ಲಿನ ತಂಟೆಗೆ ಹೋಗಬೇಡಿ. ಎಳೆ ಜೋಳ ಮೇಯ್ದು ದನ ಸತ್ತಿದ್ದನ್ನು ಕೇಳಿರುತ್ತೀರಿ. ಈ ಹುಲ್ಲಿನ ಎಲೆಯಲ್ಲೂ ಅದೇ ಸಯನೈಡ್ ವಿಷ ಇರುತ್ತೆ.

ನಿಜ ಹೇಳಬೇಕೆಂದರೆ, ನನಗೆ ಹುಲ್ಲಿಗಿಂತ ಜಾಗದ ಚಿಂತೆ ಜಾಸ್ತಿ. ಹತ್ತಿ, ಗೋವಿನಜೋಳದ ಹೊಲದ ಬದುವಿಗೆ ಕಳೆನಾಶಕ ಬಿದ್ದಿರುತ್ತೆ. ರಸ್ತೆ ಬದಿ, ಚರಂಡಿ ಪಕ್ಕ ಬೇಡವೇ ಬೇಡ. ಹನ್ನೆರಡು ಗ್ರಾಂ ತೂಗುವ ಜೀವ ಅದು, ಎಷ್ಟು ವಿಷ ತಡೆದೀತು? ನಿಮ್ಮ ಹಿತ್ತಲಿನದೇ ಒಳ್ಳೆಯದು. ತೊಳೆದು, ನೀರು ಝಾಡಿಸಿ, ಎರಡೇ ತೆನೆ ಸಿಗಿಸಿ. ಹಾಂ, ಗಣಪ್ಪನಿಗೆ ಏರಿಸಿದ ಕುಂಕುಮದ ಗರಿಕೆ ಹಾಕೀರಿ ಮತ್ತೆ!

ಇನ್ನೊಬ್ಬ ಸದಸ್ಯರು: ಸರ್, ಹೊಲದಲ್ಲಿ ರಾಟವಾಳ (ಮುನಿಯಾ) ಹಕ್ಕಿ ತಿನ್ನುವ ಹುಲ್ಲು ನೋಡಿ ತಂದರೆ?

ಉತ್ತರ: ಹುಲ್ಲು ಗುರುತಿಸೋಕೆ ಒಳ್ಳೆ ಉಪಾಯ. ಆದರೆ ಔಷಧ ಹೊಡೆದದ್ದು ರಾಟವಾಳಕ್ಕೂ ಗೊತ್ತಾಗಲ್ಲ. ಹಾಗೇ ರಾಟವಾಳ ಹಿಡಿದು ಸಾಕೋಕೆ ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಪ್ರಶ್ನೆ ಕೇಳಿದವರು: ಬೆಳಿಗ್ಗೆ ಹಿತ್ತಲಿನ ಕಾಡು ರಾಗಿ ಸಿಗಿಸಿದೆ ಸರ್. ಹೆಣ್ಣು ತಿನ್ನುತ್ತಿದೆ. ಗಂಡು ಮಾತ್ರ ಕಾಳು ಬಿಟ್ಟು ಕಡ್ಡಿ ಎಳೆದು ಗೂಡಿಗೆ ಒಯ್ಯುತ್ತಿದೆ!

ಉತ್ತರ: ಕಡ್ಡಿ ಈಗಲೇ ತೆಗೀರಿ. ಗಂಡು ಸುಮ್ನೆ ಕೂರಲ್ಲ, ಮರಿಗಳ ಮೇಲೇ ಇನ್ನೊಂದು ಗೂಡು ಕಟ್ಟಿಬಿಡುತ್ತೆ. ಮರಿ ಹೊರಗೆ ಬರೋವರೆಗೆ ತೆನೆಯನ್ನಷ್ಟೇ ಕತ್ತರಿಸಿ ಬಟ್ಟಲಲ್ಲಿ ಇಡಿ.