ಡಾಕ್ಟರರಲ್ಲಿ ಕೇಳಿ: ಮನೆಯವರ ಕೈಯಲ್ಲೇ ಮಗುವಿಗೆ ಅಪಾಯವಿದ್ದರೆ ತಿಳಿಯುವುದು ಹೇಗೆ?

ಕಾಸರಗೋಡು ಭಾಗದ ನಮ್ಮ ಗುಂಪಿಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಸಾಕುವವರೇ ಹೊಡೆದು, ಕುಲುಕಿ, ಅಥವಾ ನೋಡಿಕೊಳ್ಳದೆ ಮಕ್ಕಳು ಸಾಯುವ ವಿಷಯ. ಮಕ್ಕಳ ಡಾಕ್ಟರಾಗಿ ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ. ಒಂದು ವಿನಂತಿ: ಕಮೆಂಟಿನಲ್ಲಿ ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಬರೆಯಬೇಡಿ, ಫೋಟೋ ಹಾಕಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅದು ಅಪರಾಧ. 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಪ್ರಶ್ನೆ: ಪಕ್ಕದ ಮನೆಯಲ್ಲಿ ಮೂರು ತಿಂಗಳ ಮಗು ಇದೆ. ಮೊನ್ನೆ ಎತ್ತಿಕೊಂಡಾಗ ಕಿವಿಯ ಮೇಲೆ ನೀಲಿ ಗುರುತು ಕಂಡಿತು. ಮಗ್ಗುಲು ಮಲಗಿ ಹಾಗಾಯ್ತು ಅಂದರು. ನಾನು ಸುಮ್ನೆ ಇಲ್ಲದ್ದನ್ನು ಯೋಚಿಸ್ತಾ ಇದ್ದೇನಾ?

ಉತ್ತರ: ಇಲ್ಲ. ನೀವು ಯೋಚಿಸಿದ್ದು ಸರಿ. ಆ ಮಗುವನ್ನು ಇವತ್ತೇ ಡಾಕ್ಟರಿಗೆ ತೋರಿಸಬೇಕು.

ಮೂರು ತಿಂಗಳ ಮಗು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಮಲಗಿಸಿದಲ್ಲೇ ಇರುತ್ತದೆ. ಮಗ್ಗುಲು ಮಲಗಿದರೆ ಕಿವಿ ಕೆಂಪಾಗಬಹುದು, ಸ್ವಲ್ಪ ಹೊತ್ತಿನಲ್ಲಿ ಅದು ಮಾಯವಾಗುತ್ತದೆ. ರಕ್ತ ಹೆಪ್ಪುಗಟ್ಟಿ ನೀಲಿಯಾಗಬೇಕಾದರೆ ಯಾರಾದರೂ ಹಿಂಡಿರಬೇಕು ಅಥವಾ ಹೊಡೆದಿರಬೇಕು, ಇಲ್ಲವೇ ಮಗುವಿಗೆ ರಕ್ತದ ಕಾಯಿಲೆ ಇರಬೇಕು. ಎರಡೂ ತುರ್ತು ವಿಷಯಗಳೇ.

ನಡೆಯಲು ಕಲಿಯುವ ಮಗುವಿನ ಮೊಣಕಾಲು, ಮೊಳಕಾಲಿನ ಕೆಳಗೆ, ಹಣೆ, ಇಲ್ಲೆಲ್ಲ ಗುರುತು ಇದ್ದರೆ ನಾವು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಮಕ್ಕಳು ಬೀಳುವುದು ಮುಂದಕ್ಕೆ, ಎಲುಬು ಇರುವ ಜಾಗ ತಾಗುತ್ತದೆ. ನಾಲ್ಕು ವರ್ಷದೊಳಗಿನ ಮಗುವಿನ ಹೊಟ್ಟೆ, ಬೆನ್ನು, ಕಿವಿ, ಕುತ್ತಿಗೆಯಲ್ಲಿ ಗುರುತು ಇದ್ದರೆ ಸಂಶಯ ಪಡಬೇಕು. ಕೆನ್ನೆಯ ಮಾಂಸ, ಕಣ್ಣಿನ ರೆಪ್ಪೆ, ದವಡೆಯ ಮೂಲೆ ಕೂಡ ಇದೇ ಸಾಲಿನವು. ಮೇಲ್ತುಟಿಯನ್ನು ಒಸಡಿಗೆ ಸೇರಿಸುವ ತೆಳುವಾದ ಚರ್ಮ ಇದೆಯಲ್ಲ, ಕೂಸಿನಲ್ಲಿ ಅದು ಹರಿದಿದ್ದರೆ ಬಾಟಲಿಯನ್ನು ಬಾಯಿಗೆ ತುರುಕಿರಬಹುದು. ಇನ್ನು ನಾಲ್ಕು ತಿಂಗಳು ತುಂಬದ ಮಗುವಿಗೆ ಮೈಯಲ್ಲಿ ಎಲ್ಲಿ ನೀಲಿ ಗುರುತು ಕಂಡರೂ ಪರೀಕ್ಷೆ ಆಗಲೇಬೇಕು.

ಒಂದು ಮಾತು, ಯಾರ ಮೇಲೂ ಅನ್ಯಾಯ ಆಗಬಾರದು ಅಂತ ಹೇಳುತ್ತೇನೆ. ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ಸೊಂಟದ ಹಿಂದೆ, ಕುಂಡಿಯ ಮೇಲೆ ಹುಟ್ಟುವಾಗಲೇ ಬೂದು ನೀಲಿ ಮಚ್ಚೆ ಇರುತ್ತದೆ. ಅದು ಪೆಟ್ಟಲ್ಲ. ಪೆಟ್ಟಿನ ಗುರುತು ದಿನ ಹೋದಂತೆ ಬಣ್ಣ ಬದಲಿಸಿ ಮಾಸುತ್ತದೆ. ಈ ಮಚ್ಚೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ.

ಒಂದು ಸಣ್ಣ ಗುರುತಿಗೆ ಇಷ್ಟು ಹೇಳುವುದು ಯಾಕೆ ಅಂದರೆ, ಮಗುವನ್ನು ಕೊಂದ ಪೆಟ್ಟು ಎಷ್ಟೋ ಸಲ ಮೊದಲ ಪೆಟ್ಟು ಆಗಿರುವುದಿಲ್ಲ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಂಸೆಗೆ ಒಳಗಾದ 200 ಕೂಸುಗಳ ಹಳೆಯ ದಾಖಲೆ ನೋಡಿದರು. ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಮಕ್ಕಳಿಗೆ ಮೊದಲೇ ಒಂದು ಸಣ್ಣ ಗಾಯ ಆಗಿತ್ತು, ಹೆಚ್ಚಿನದು ಬರೀ ನೀಲಿ ಗುರುತು. ಅಂಥ ಗಾಯಗಳಲ್ಲಿ ಹತ್ತರಲ್ಲಿ ನಾಲ್ಕರಷ್ಟು ಡಾಕ್ಟರ್, ನರ್ಸ್‌ಗಳ ಗಮನಕ್ಕೂ ಬಂದಿದ್ದವು. ನೋಡಿಯೂ ಬಿಟ್ಟುಬಿಟ್ಟರು. ನನ್ನ ವೃತ್ತಿಯವರಿಗೆ ಇದಕ್ಕಿಂತ ಕಹಿ ಸತ್ಯ ಇಲ್ಲ.

ಏನು ಮಾಡಬೇಕು? "ಹೊಡೆದದ್ದು ಯಾರು" ಅಂತ ಜಗಳಕ್ಕೆ ಹೋಗಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ, "ರಕ್ತ ಪರೀಕ್ಷೆ ಮಾಡಿಸೋಣ" ಅಂತ ಹೊರಡಿಸಿ. ಒಪ್ಪದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಪುರಾವೆ ನಿಮ್ಮ ಕೈಯಲ್ಲಿ ಇರಬೇಕಾಗಿಲ್ಲ. ಕಂಡದ್ದನ್ನು ಹೇಳಿದರೆ ಸಾಕು. ಎರಡು ವರ್ಷದ ಒಳಗಿನ ಮಗುವಾದರೆ ಮೈಯ ಎಲ್ಲ ಎಲುಬುಗಳ ಎಕ್ಸ್‌ರೇ, ಕಣ್ಣಿನ ಒಳಪರೀಕ್ಷೆ, ತಲೆಯ ಸ್ಕ್ಯಾನ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಇವೆಲ್ಲ ನಮ್ಮ ಕೆಲಸ.

ಪ್ರಶ್ನೆ: ನಾನು ಗಲ್ಫಿನಿಂದ ರಜೆಯಲ್ಲಿ ಬಂದಿದ್ದೇನೆ. ಮಗುವಿಗೆ ಒಂದೂವರೆ ತಿಂಗಳು. ರಾತ್ರಿ ಇಡೀ ಕೂಗುತ್ತದೆ. ಹೆಂಡತಿಗೆ ಆಪರೇಷನ್ ಆದ ಕಾರಣ ನಾನೇ ಎತ್ತಿಕೊಳ್ಳುತ್ತೇನೆ. ನಿನ್ನೆ ರಾತ್ರಿ ನನಗೆ ಬಂದ ಕೋಪ ನೋಡಿ ನನಗೇ ಹೆದರಿಕೆ ಆಯ್ತು.

ಉತ್ತರ: ಇದನ್ನು ಬರೆದು ಕೇಳಿದಿರಲ್ಲ, ನಿಮ್ಮ ಮೇಲೆ ನನಗೆ ಗೌರವ ಬಂತು. ಎಷ್ಟೋ ಗಂಡಸರು ಇದನ್ನು ಯಾರಲ್ಲೂ ಹೇಳುವುದಿಲ್ಲ.

ಮೊದಲು ತಿಳಿಯಬೇಕಾದ್ದು: ಹುಟ್ಟಿದ ಎರಡನೇ ವಾರದಿಂದ ಅಳು ಏರುತ್ತಾ ಹೋಗುತ್ತದೆ. ಆರರಿಂದ ಎಂಟು ವಾರದ ಹೊತ್ತಿಗೆ ಅತಿ ಜಾಸ್ತಿ. ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹಾಲು ಕುಡಿಸಿ, ಬಟ್ಟೆ ಬದಲಿಸಿ, ಎತ್ತಿ ತಿರುಗಿದರೂ ನಿಲ್ಲದ ಅಳು ಆರೋಗ್ಯವಂತ ಮಗುವಿನಲ್ಲೂ ಇರುತ್ತದೆ. ಅಂದರೆ ನೀವೀಗ ಇರುವುದು ಅತಿ ಕಷ್ಟದ ವಾರಗಳಲ್ಲಿ. ಕೂಸನ್ನು ಹಿಡಿದು ಕುಲುಕಿ ಸಾಯಿಸಿದ ಘಟನೆಗಳೂ ಹೆಚ್ಚಾಗಿ ಆಗುವುದು ಈ ಪ್ರಾಯದ ಆಸುಪಾಸಿನಲ್ಲೇ. ಮಾಡಿದವರಲ್ಲಿ ಅನೇಕರು ಮಗುವನ್ನು ಕೊಲ್ಲಬೇಕು ಅಂದುಕೊಂಡವರಲ್ಲ, ಆ ಕ್ಷಣ ಅಳು ನಿಲ್ಲಲಿ ಅಂದುಕೊಂಡವರು.

ಕುಲುಕಿದಾಗ ಒಳಗೆ ಆಗುವುದೇನು? ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ. ಕುತ್ತಿಗೆಗೆ ಬಲ ಇಲ್ಲ. ಕಂಕುಳಲ್ಲಿ ಹಿಡಿದು ಜೋರಾಗಿ ಆಡಿಸಿದರೆ ತಲೆ ಹಿಂದೆ ಮುಂದೆ ಬಡಿಯುತ್ತದೆ. ಮಿದುಳು ಮತ್ತು ತಲೆಬುರುಡೆಯ ನಡುವಿನ ಸಣ್ಣ ರಕ್ತನಾಳಗಳು ಹರಿಯುತ್ತವೆ. ಕಣ್ಣಿನ ಪರದೆಯಲ್ಲೂ ರಕ್ತ ಒಸರಬಹುದು. ಇದಕ್ಕೆ ಕೆಲವೇ ಸೆಕೆಂಡು ಸಾಕು. ಹೊರಗೆ ಒಂದು ಗೀರೂ ಇಲ್ಲದಿರಬಹುದು. ಆಮೇಲೆ ಮಗು ಮಂಕಾಗುತ್ತದೆ, ಹಾಲು ಕುಡಿಯುವುದಿಲ್ಲ, ವಾಂತಿ, ಫಿಟ್ಸ್. ನಮ್ಮ ಕಡೆ ಇದನ್ನು ದೃಷ್ಟಿ ತಾಗಿದ್ದು ಅಂತ ನೂಲು ಕಟ್ಟಿಸಲು ಓಡುವುದೂ ಉಂಟು. ಅಷ್ಟರಲ್ಲಿ ಗಂಟೆಗಳು ಕಳೆದಿರುತ್ತವೆ.

ಹಾಗಾಗಿ ಕೋಪ ಏರುತ್ತಿದೆ ಅನಿಸಿದ ಕೂಡಲೇ ಮಗುವನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿ. ಬಾಗಿಲು ಎಳೆದುಕೊಂಡು ಜಗಲಿಗೆ ಬನ್ನಿ. ಹತ್ತು ನಿಮಿಷ ಕೂತುಕೊಳ್ಳಿ, ನೀರು ಕುಡಿಯಿರಿ, ಯಾರಿಗಾದರೂ ಫೋನ್ ಮಾಡಿ. ಮಗು ಆ ಹತ್ತು ನಿಮಿಷ ಅಳಲಿ. ಅತ್ತರೆ ಮಗು ಸಾಯುವುದಿಲ್ಲ. ಆಮೇಲೆ ಹೋಗಿ ನೋಡಿ. ರಾತ್ರಿಯ ಪಾಳಿಯನ್ನು ಅಮ್ಮ, ಅತ್ತೆ, ತಂಗಿ ಯಾರಾದರೂ ಹಂಚಿಕೊಳ್ಳಲಿ. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಕೇಳಿ. ನಿದ್ದೆ ಬರಲಿ ಅಂತ ಶೀತದ ಸಿರಪ್ ಮಾತ್ರ ಕೊಡಲೇಬೇಡಿ. ಜ್ವರ ಇದ್ದರೆ ಅಥವಾ ಅಳುವಿನ ಧ್ವನಿಯೇ ಬೇರೆ ಥರ ಆದರೆ ಕರೆದುಕೊಂಡು ಬನ್ನಿ.

ಪ್ರಶ್ನೆ: ಹಾಗಾದರೆ ಸೀರೆಯ ತೊಟ್ಟಿಲು ಜೋರಾಗಿ ತೂಗಬಾರದಾ? ಹೊಂಡದ ರಸ್ತೆಯಲ್ಲಿ ಆಟೋದಲ್ಲಿ ಹೋದರೆ?

ಉತ್ತರ: ಹೆದರಬೇಡಿ. ತೂಗುವುದು, ತೊಡೆಯ ಮೇಲೆ ಕುಣಿಸುವುದು, ರಸ್ತೆಯ ಕುಲುಕಾಟ, ಇದರಿಂದ ಈ ಗಾಯ ಆಗುವುದಿಲ್ಲ. ಸಿಟ್ಟಿನಿಂದ ಹಿಡಿದು ಕುಲುಕುವ ಬಲವೇ ಬೇರೆ. ನೋಡಿದ ಯಾರಿಗೂ ಅದು ಅಪಾಯ ಅಂತ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ (ಅಂಗನವಾಡಿ ಟೀಚರ್): ಹೊಡೆತದ ವಿಷಯ ಸರಿ. ಆದರೆ ನೋಡಿಕೊಳ್ಳದೆ ಮಗು ಸಾಯುವುದಕ್ಕೆ ನಾವು ಏನು ಹೇಳಬೇಕು? ಬಡವರ ಮೇಲೆ ಕೇಸು ಹಾಕಿದ ಹಾಗೆ ಆಗುವುದಿಲ್ವಾ?

ಉತ್ತರ: ಬಡತನ ಬೇರೆ, ನಿರ್ಲಕ್ಷ್ಯ ಬೇರೆ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಕೂಲಿಗೆ ಹೋಗುವ ತಾಯಿಗೆ ರೇಷನ್, ಅಂಗನವಾಡಿ, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಗುಂಪುಗಳು) ನೆರವು ಬೇಕು. ಪೊಲೀಸ್ ಬೇಡ. ಊಟ ಇದ್ದೂ ಕೊಡದಿರುವುದು, ಕಾಯಿಲೆ ಕಣ್ಣಿಗೆ ಕಂಡರೂ ತೋರಿಸದಿರುವುದು, ಚಿಕ್ಕ ಮಗುವನ್ನು ಬೀಗ ಹಾಕಿ ಬಿಟ್ಟು ಹೋಗುವುದು, ಇವು ನಿರ್ಲಕ್ಷ್ಯ. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ, ಹಿಂಸೆ ಮತ್ತು ನಿರ್ಲಕ್ಷ್ಯದಿಂದ ಸತ್ತ ಮಕ್ಕಳಲ್ಲಿ ಹತ್ತರಲ್ಲಿ ಏಳಕ್ಕಿಂತ ಜಾಸ್ತಿ ಸಾವಿನಲ್ಲಿ ನಿರ್ಲಕ್ಷ್ಯದ ಪಾಲಿದೆ. ನಮ್ಮ ಜನ ಅದನ್ನು ವಿಧಿ ಅಂತ ಕರೆದು ಸುಮ್ಮನಾಗುತ್ತಾರೆ.

ನಿಮ್ಮ ಕೈಯಲ್ಲಿ ಒಳ್ಳೆಯ ಸಾಧನ ಇದೆ ಟೀಚರ್, ತೂಕದ ಕಾರ್ಡು. ಒಂದೇ ಮನೆಯ ಎರಡು ಮಕ್ಕಳಲ್ಲಿ ಒಂದರ ಗೆರೆ ಮೇಲೆ ಹೋಗಿ, ಇನ್ನೊಂದರದ್ದು ತಿಂಗಳು ತಿಂಗಳು ಕೆಳಗೆ ಬರುತ್ತಿದ್ದರೆ ಅದು ಬಡತನ ಆಗಿರಲಾರದು. ಒಂದೋ ಆ ಮಗುವಿಗೆ ಕಾಯಿಲೆ ಇದೆ, ಅಥವಾ ಅದಕ್ಕೆ ಮಾತ್ರ ಊಟ ಸಿಗುತ್ತಿಲ್ಲ. ಅಂಗನವಾಡಿಗೆ ಬಂದಾಗ ಬಡಿಸಿದ್ದನ್ನು ಗಬಗಬ ತಿಂದು, ಉಳಿದ ಮಕ್ಕಳ ತಟ್ಟೆ ನೋಡುತ್ತಾ, ಒಂದಿಷ್ಟನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಳ್ಳುವ ಮಗು ನಿಮ್ಮಲ್ಲಿ ಇದ್ದರೆ ಅವತ್ತೇ ಸೂಪರ್‌ವೈಸರಿಗೆ ಬರೆದು ತಿಳಿಸಿ. ಬಾಯಿಮಾತು ಸಾಕಾಗುವುದಿಲ್ಲ. ತಾರೀಕು ಹಾಕಿ ಬರೆಯಿರಿ.

ಇನ್ನು ಬಿಸಿನೀರಿನ ಸುಟ್ಟಗಾಯ. ನಮ್ಮಲ್ಲಿ ಎಣ್ಣೆ ಹಚ್ಚಿ ಸುಡುಸುಡು ನೀರಿನಲ್ಲಿ ಮೀಯಿಸುವ ಪದ್ಧತಿ ಇರುವುದರಿಂದ ಇದನ್ನು ಹೇಳಬೇಕು. ಕೈಜಾರಿ ಚೆಲ್ಲಿದ ನೀರು ಚಿಮ್ಮಿ ಅಲ್ಲಲ್ಲಿ ಸುಡುತ್ತದೆ, ಕೆಳಗೆ ಹರಿದಂತೆ ಗಾಯ ಸಣ್ಣದಾಗುತ್ತದೆ. ಹಿಡಿದು ಅದ್ದಿದರೆ ಎರಡೂ ಕಾಲಿಗೆ ಕಾಲುಚೀಲ ಹಾಕಿದ ಹಾಗೆ ಒಂದೇ ಮಟ್ಟದ ಗೆರೆ ಇರುತ್ತದೆ. ಬಾವಿ, ಕೆರೆ, ಕೆಂಪುಕಲ್ಲಿನ ಕೋರೆಯ ನೀರಿಗೆ ಬಿದ್ದ ಸಾವುಗಳಲ್ಲಿ ಮಾತ್ರ ಅವಸರದ ತೀರ್ಪು ಬೇಡ. ಒಂದು ಕ್ಷಣ ಕಣ್ಣು ತಪ್ಪುವುದು ಎಲ್ಲ ಮನೆಯಲ್ಲೂ ಇದೆ. ಅಂಥ ತಂದೆ ತಾಯಿಯನ್ನು ದೂರುವ ಬದಲು ಊರಿನವರು ಸೇರಿ ಕೋರೆಗೆ ಬೇಲಿ ಹಾಕಿಸಿ.

ಪ್ರಶ್ನೆ: ಅಕ್ಕನಿಗೆ ಹೆರಿಗೆಯಾಗಿ ಹತ್ತು ದಿನ. ನಿದ್ದೆಯೇ ಇಲ್ಲ. "ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದಾರೆ" ಅನ್ನುತ್ತಾಳೆ. ಬಾಣಂತಿ ಸನ್ನಿ, ಪಥ್ಯ ಸರಿ ಮಾಡಿದರೆ ಸರಿಯಾಗುತ್ತದೆ ಅಂತ ಹಿರಿಯರು ಹೇಳುತ್ತಾರೆ.

ಉತ್ತರ: ಪಥ್ಯದಿಂದ ಸರಿಯಾಗುವುದಿಲ್ಲ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣುವ ಕಾಯಿಲೆ ಇದು, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಗುತ್ತದೆ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಔಷಧಿಯಿಂದ ಚೆನ್ನಾಗಿ ಗುಣವಾಗುತ್ತದೆ. ಅಲ್ಲಿವರೆಗೆ ಅಕ್ಕನನ್ನು ಒಬ್ಬಳೇ ಬಿಡಬೇಡಿ, ಮಗುವಿನ ಜೊತೆ ಒಬ್ಬಳೇ ಖಂಡಿತ ಬಿಡಬೇಡಿ. "ನಿನಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳಬೇಕು ಅನಿಸುತ್ತಾ" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಹೇಗೆ ಮಾತಾಡಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲು ರಾತ್ರಿ ಇದೆ. ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆಯೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯ ಇದ್ದರೆ ಮಾತ್ರ, ಅದೂ ಸ್ವಲ್ಪ ಸಮಯಕ್ಕೆ.

ಪ್ರಶ್ನೆ (ಹಿರಿಯ ಸದಸ್ಯರು): ಮಕ್ಕಳಿಗೆ ಎರಡು ಪೆಟ್ಟು ಕೊಡುವುದು ಹಿಂದಿನಿಂದಲೂ ಇದೆ. ಮನೆಯ ವಿಷಯವನ್ನು ಸ್ಟೇಷನ್ನಿಗೆ ಒಯ್ದರೆ ಸಂಸಾರ ಒಡೆಯುವುದಿಲ್ಲವೇ?

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ಒಪ್ಪಲಾರೆ. 2019ರಲ್ಲಿ ನಮ್ಮದೇ ಕೇರಳದ ತೊಡುಪುಳದಲ್ಲಿ ಏಳು ವರ್ಷದ ಹುಡುಗ ತಾಯಿಯ ಜೊತೆಗಿದ್ದವನ ಹೊಡೆತದಿಂದ ತಲೆಬುರುಡೆ ಒಡೆದು ಸತ್ತ. ಆಸ್ಪತ್ರೆಗೆ ತಂದಾಗ ಹೇಳಿದ್ದು, ಬಿದ್ದು ಪೆಟ್ಟಾಯಿತು ಅಂತ. ಅವನ ತಮ್ಮನ ಮೈಯಲ್ಲೂ ಪೆಟ್ಟಿನ ಗುರುತುಗಳಿದ್ದವು. ಐದು ವರ್ಷದೊಳಗಿನ ಮಕ್ಕಳು ಮಂಚ, ಕುರ್ಚಿಯಂಥ ಕಡಿಮೆ ಎತ್ತರದಿಂದ ಬಿದ್ದು ಸಾಯುವುದು ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ಹಾಗಾಗಿ ದೊಡ್ಡ ಗಾಯಕ್ಕೆ ಸಣ್ಣ ಕಥೆ ಹೇಳಿದಾಗ ನಾವು ನಂಬುವುದಿಲ್ಲ.

ದೂರು ಕೊಟ್ಟ ಕೂಡಲೇ ಸಂಸಾರ ಒಡೆಯುತ್ತದೆ ಅನ್ನುವುದೂ ಸರಿಯಲ್ಲ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇದೆ, ಅಧ್ಯಕ್ಷರು ಮತ್ತು ನಾಲ್ಕು ಸದಸ್ಯರು. ಮಗುವನ್ನು ಮನೆಯಿಂದ ತಂದರೆ 24 ಗಂಟೆಯೊಳಗೆ ಅವರ ಮುಂದೆ ತರಬೇಕು. ಅನಾಥಾಲಯ ಕೊನೆಯ ದಾರಿ ಅಂತ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಅಜ್ಜಿ, ಮಾವ, ಚಿಕ್ಕಮ್ಮ ನೋಡಿಕೊಳ್ಳುವಂತಿದ್ದರೆ ಅವರಲ್ಲಿ ಬಿಡಬಹುದು. ಸಾಕುವ ಶಕ್ತಿಯೇ ಇಲ್ಲದ ತಂದೆ ತಾಯಿ ಕೂಸನ್ನು ಪೊದೆಯಲ್ಲಿ ಬಿಡಬೇಕಾಗಿಲ್ಲ. ಸಮಿತಿಗೆ ಒಪ್ಪಿಸಬಹುದು, ಮನಸ್ಸು ಬದಲಾಯಿಸಲು ಎರಡು ತಿಂಗಳ ಸಮಯವೂ ಇರುತ್ತದೆ. ಕೇರಳದಲ್ಲಿ ಹೆಸರು ಹೇಳದೆ ಕೂಸನ್ನು ಬಿಡಲು ಅಮ್ಮತ್ತೊಟ್ಟಿಲ್ ಅನ್ನುವ ತೊಟ್ಟಿಲಿನ ವ್ಯವಸ್ಥೆ 2002ರಿಂದ ಇದೆ.

ಪ್ರಶ್ನೆ: ನಮಗೆ ಮಲಯಾಳಂ ಓದು ಬರಹ ಬರುವುದಿಲ್ಲ. ಮಗುವನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರೆ ದೂರು ಎಲ್ಲಿ ಕೊಡುವುದು?

ಉತ್ತರ: ಎಲ್ಲಿ ಬೇಕಾದರೂ ಕೊಡಬಹುದು. ಘಟನೆ ಎಲ್ಲಿ ನಡೆದರೂ ಯಾವ ಸ್ಟೇಷನ್ನಿನವರೂ ಎಫ್‌ಐಆರ್ ಬರೆದುಕೊಳ್ಳಬೇಕು, ಆಮೇಲೆ ಅವರೇ ವರ್ಗ ಮಾಡುತ್ತಾರೆ. ಮಂಗಳೂರಿನ ಆಸ್ಪತ್ರೆ ಅಲ್ಲಿನ ಪೊಲೀಸರಿಗೆ ತಿಳಿಸಿದರೆ ಅದು ಗಡಿ ದಾಟಿ ಇಲ್ಲಿಗೆ ಬರುತ್ತದೆ. ಇಲ್ಲಿಯ ಕಚೇರಿಗೆ ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಲೈಂಗಿಕ ಹಿಂಸೆಯ ಕೇಸಾದರೆ ಮಗುವಿನ ಹೇಳಿಕೆಗೆ ಅನುವಾದಕರನ್ನು ಪೋಕ್ಸೊ ಕಾಯ್ದೆಯೇ ಒದಗಿಸುತ್ತದೆ. ತುಳು ಮಾತ್ರ ಬರುವ ಮಗುವನ್ನು ಮಲಯಾಳಂನಲ್ಲಿ ಪ್ರಶ್ನಿಸಿ "ಮಗು ಏನೂ ಹೇಳಲಿಲ್ಲ" ಅಂತ ಬರೆಯಲು ಬಿಡಬೇಡಿ.

ಪ್ರಶ್ನೆ: ನಾನು ಶಾಲೆಯ ಮಕ್ಕಳನ್ನು ಆಟೋದಲ್ಲಿ ಕರೆದೊಯ್ಯುತ್ತೇನೆ. ಒಂದು ಮಗು ಮನೆ ಹತ್ತಿರ ಬಂದ ಹಾಗೆ ಇಳಿಯಲು ಒಪ್ಪುವುದಿಲ್ಲ. ನಾನು ಏನು ಕೇಳಲಿ?

ಉತ್ತರ: ಬೇರೆ ಮಕ್ಕಳು ಇಳಿದ ಮೇಲೆ, "ಮನೆಯಲ್ಲಿ ಹೆದರಿಕೆ ಆಗುತ್ತಾ?" ಅಂತ ಒಮ್ಮೆ ಕೇಳಿ. ಹೇಳಿದರೆ ಕೇಳಿಸಿಕೊಳ್ಳಿ. ಮತ್ತೆ ಮತ್ತೆ ಕೆದಕಬೇಡಿ, "ಅಪ್ಪ ಹೊಡೆದನಾ?" ಅಂತ ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ, ಯಾಕೆಂದರೆ ನೀವು ಹೇಳಲೇಬೇಕು. "ನೀನು ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಲ್ಲ" ಅನ್ನಿ. ಮಗು ಆಡಿದ ಮಾತನ್ನು ಹಾಗೆಯೇ, ಅದರದೇ ಭಾಷೆಯಲ್ಲಿ, ತಾರೀಕಿನ ಜೊತೆ ಬರೆದಿಡಿ. ಆಮೇಲೆ ಕ್ಲಾಸ್ ಟೀಚರಿಗೆ ತಿಳಿಸಿ, 1098ಕ್ಕೂ ಫೋನ್ ಮಾಡಿ. ಟೀಚರ್ ನೋಡಿಕೊಳ್ಳುತ್ತಾರೆ ಅಂತ ಆ ಫೋನನ್ನು ಬಿಡಬೇಡಿ. ಆ ಸಂಜೆಯೇ ಮನೆಗೆ ಕಳಿಸಿದರೆ ಅಪಾಯ ಅನಿಸಿದರೆ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ.